ಬಿಲ್ಲಿನಲ್ಲಿ ಕಂಚು, ದೋಣಿಯಲ್ಲಿ ಹಿತ್ತಾಳೆ

ಈ ಬರಹ ಓದಿದ ಕೂಡಲೇ ಎದ್ದು ಹೋಗಿ ನಿಮ್ಮ ದೋಣಿಯ ತಳದ ವಾಲ್ವ್‌ಗಳನ್ನು ತಿರುಗಿಸಿ ನೋಡಬೇಡಿ. ಮೊದಲು ಮೆದು ಮರದ ಒಂದು ಬಿರಡೆಯನ್ನೂ ಟಾರ್ಚನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಇನ್ನೊಬ್ಬರು ದೋಣಿಯಲ್ಲಿರುವಾಗ ಮಾತ್ರ ಆ ಕೆಲಸಕ್ಕೆ ಕೈ ಹಾಕಿ. 2023ರ ಫೆಬ್ರವರಿಯಲ್ಲಿ ಕೆರಿಬಿಯನ್ ಸಮುದ್ರದ ಬೆಕ್ವಿಯಾ ದ್ವೀಪದ ಅಡ್ಮಿರಾಲ್ಟಿ ಕೊಲ್ಲಿಯಲ್ಲಿ ನಾನು ಇದಾವುದನ್ನೂ ಮಾಡದೆ ಒಂದು ವಾಲ್ವ್ ತಿರುಗಿಸಿದೆ. ಅದು ಬುಡಸಮೇತ ನನ್ನ ಕೈಗೆ ಬಂತು.

ನಾವಿಬ್ಬರೂ ಕುಂದಾಪುರದ ಕಡೆಯವರು. ಹದಿನಾರು ವರ್ಷ ನ್ಯೂಜೆರ್ಸಿಯಲ್ಲಿ ದುಡಿದು, 2020ರ ಕೊನೆಯಲ್ಲಿ ಕೆರಿಬಿಯನ್ ಸಮುದ್ರದ ದಕ್ಷಿಣದ ಒಂದು ದ್ವೀಪದಲ್ಲಿ 38 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆವು. ಕೊಳ್ಳುವ ಮುನ್ನ ಪರೀಕ್ಷಿಸಿದವರು ನೀರಿನ ಮಟ್ಟದ ಕೆಳಗಿನ ಏಳೂ ವಾಲ್ವ್‌ಗಳನ್ನು ಬದಲಿಸಬೇಕೆಂದು ಬರೆದುಕೊಟ್ಟಿದ್ದರು. ಅಲ್ಲಿನದೇ ಒಂದು ಬೋಟ್ ಯಾರ್ಡ್‌ಗೆ ಆ ಕೆಲಸ ಒಪ್ಪಿಸಿದೆವು. ಬಿಲ್ಲಿನಲ್ಲಿ ‘ಕಂಚಿನ ವಾಲ್ವ್, ಏಳು’ ಎಂದಿತ್ತು. ಕಂಚಿನ ಬೆಲೆಯನ್ನೇ ಹಾಕಿದ್ದರು. ನಾವು ಊರಿನಿಂದ ಊರಿಗೆ ವಿಮಾನದಲ್ಲಿ ಓಡಾಡುತ್ತ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿದ್ದೆವು. ಕೆಲಸ ನಡೆಯುವಾಗ ಒಂದು ದಿನವೂ ಪಕ್ಕದಲ್ಲಿ ನಿಂತು ನೋಡಲಿಲ್ಲ.

ಹಾಯಿದೋಣಿಯ ಪರಿಚಯವಿಲ್ಲದವರಿಗಾಗಿ ಒಂದು ಮಾತು. ದೋಣಿಯ ಒಡಲಿನಲ್ಲಿ ನಾವೇ ಬೇಕೆಂದು ಕೊರೆಸಿದ ತೂತುಗಳಿರುತ್ತವೆ. ಎಂಜಿನ್ ತಣ್ಣಗಿರಲು ಸಮುದ್ರದ ನೀರು ಒಳಬರುವ ತೂತು ಒಂದು, ಶೌಚಾಲಯಕ್ಕೆ ನೀರು ತರುವುದೊಂದು, ಅಡುಗೆ ಕಟ್ಟೆಯ ತೊಟ್ಟಿಯ ನೀರು ಹೊರಹೋಗುವುದೊಂದು, ಹೀಗೆ. ಪ್ರತಿ ತೂತಿಗೂ ಒಳಗಡೆ ಒಂದು ಲೋಹದ ವಾಲ್ವ್. ಪೈಪು ಒಡೆದರೆ ವಾಲ್ವ್ ಮುಚ್ಚಬಹುದು. ವಾಲ್ವೇ ಮುರಿದರೆ ಮುಚ್ಚಲು ಏನೂ ಉಳಿಯುವುದಿಲ್ಲ.

ಇಲ್ಲಿ ನಮ್ಮ ವರ್ಷ ಎರಡು ಭಾಗ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಆಗ ಗ್ರೆನಡಾದ ದಕ್ಷಿಣದ ಕೊಲ್ಲಿಗಳಲ್ಲಿ ಲಂಗರು ಹಾಕಿ ಕೂರುತ್ತಿದ್ದೆವು. ಡಿಸೆಂಬರ್ ಬಂತೆಂದರೆ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಗಟ್ಟಿಯಾಗುತ್ತದೆ. ಕಾರಿಯಾಕೂ, ಯೂನಿಯನ್, ಬೆಕ್ವಿಯಾ, ಸೇಂಟ್ ಲೂಸಿಯಾ ಎಂದು ದ್ವೀಪದಿಂದ ದ್ವೀಪಕ್ಕೆ ಉತ್ತರಕ್ಕೆ ಹೋಗುತ್ತಿದ್ದೆವು. ಹೊರಗಿನವರಿಗೆ ಕಾಣುವುದು ಹಾಯಿ ಮತ್ತು ನೀಲಿ ನೀರು. ನಮ್ಮ ಹಗಲಿನ ಬಹುಪಾಲು ಕಳೆಯುವುದು ತುಕ್ಕಿನ ಹಿಂದೆ. ಬೆಳಿಗ್ಗೆ ಲಂಗರು ಜಾರಿದೆಯೇ ಎಂದು ನೋಡುವುದು, ಬ್ಯಾಟರಿಯ ಮಟ್ಟ ಗಮನಿಸುವುದು, ಎಂಜಿನ್ನಿನ ಬೆಲ್ಟ್ ಮುಟ್ಟಿ ನೋಡುವುದು, ದೋಣಿಯ ತಳದಲ್ಲಿ ಸೇರಿದ ನೀರನ್ನು ನಾಲಿಗೆಗೆ ತಾಗಿಸಿ ಉಪ್ಪೋ ಸಿಹಿಯೋ ಎಂದು ಪರೀಕ್ಷಿಸುವುದು. ಸಿಹಿಯಾದರೆ ಟ್ಯಾಂಕು ಸೋರುತ್ತಿದೆ ಎಂದರ್ಥ, ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ ಎಂದರ್ಥ.

ಇಷ್ಟೆಲ್ಲ ನೋಡುತ್ತಿದ್ದವಳಿಗೆ ಒಂದು ಸೂಚನೆ ಕಣ್ಣೆದುರಿಗೇ ಇತ್ತು. ಪ್ರೊಪೆಲರಿನ ದಂಡಕ್ಕೆ ಸತುವಿನ ಒಂದು ಗಡ್ಡೆ ಕಟ್ಟಿರುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಲೋಹಗಳ ಬದಲು ಅದು ತಾನು ಕರಗುತ್ತದೆ. ಅದಕ್ಕೇ ಅದನ್ನು ಬಲಿಯ ಆನೋಡ್ ಎನ್ನುತ್ತಾರೆ. ಮೊದಲ ವರ್ಷ ಅದು ಹತ್ತು ತಿಂಗಳು ಬಾಳಿತು. 2022ರಲ್ಲಿ ಮೂರು ಬಾರಿ ಬದಲಿಸಿದೆ. ಇಲ್ಲಿನ ನೀರು ಬೆಚ್ಚಗಿದೆ, ಬೇಗ ಕರಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆನೋಡ್ ಇದ್ದಕ್ಕಿದ್ದಂತೆ ಬೇಗ ಬೇಗ ಸವೆಯತೊಡಗಿದರೆ ದೋಣಿಯಲ್ಲಿ ಎಲ್ಲೋ ಏನೋ ಕೆಟ್ಟಿದೆ. ಹೊಸದನ್ನು ಕಟ್ಟಿ ಸುಮ್ಮನಾಗಬೇಡಿ, ಕಾರಣ ಹುಡುಕಿ.

ಆ ದಿನಕ್ಕೆ ಬರುತ್ತೇನೆ. ಮರುದಿನ ಬೆಳಗಿನ ನಾಲ್ಕಕ್ಕೆ ಲಂಗರೆತ್ತಿ ಸೇಂಟ್ ಲೂಸಿಯಾದ ಸೂಫ್ರಿಯೇರ್ ಕಡೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಸುಮಾರು 50 ನಾಟಿಕಲ್ ಮೈಲಿ. ದೇಶ ಬಿಡುವ ಕಾಗದಪತ್ರ ಮಾಡಿಸಲು ನಮ್ಮವರು ರಬ್ಬರ್ ಡಿಂಗಿಯಲ್ಲಿ ಬೆಕ್ವಿಯಾದ ಪೇಟೆ ಪೋರ್ಟ್ ಎಲಿಜಬೆತ್‌ಗೆ ಹೋಗಿದ್ದರು. ಕೈಯಲ್ಲಿ ಹಿಡಿಯುವ ರೇಡಿಯೋ ಅವರ ಬಳಿ ಇತ್ತು. ಮಾರುಕಟ್ಟೆಯಲ್ಲಿ ಒಳ್ಳೆಯ ಕೆಸುವಿನ ಎಲೆ ಸಿಕ್ಕಿತ್ತು. ಇಲ್ಲಿನವರು ಅದನ್ನು ಬೇಯಿಸಿ ಕ್ಯಾಲಲೂ ಎಂಬ ಸಾರು ಮಾಡುತ್ತಾರೆ. ನಾನು ದಾರಿಗೆ ಪತ್ರೊಡೆ ಕಟ್ಟೋಣವೆಂದು ಅಕ್ಕಿ ನೆನೆಹಾಕಿದ್ದೆ. ಹುಣಸೆಹಣ್ಣು ಕಿವುಚಿ, ಹಿಟ್ಟು ರುಬ್ಬಿ ಮುಗಿಸಿ, ಎಲೆಯ ನಾರು ತೆಗೆಯುವ ಮುಂಚೆ ಹೊರಡುವ ದಿನದ ಕೆಲಸವೊಂದನ್ನು ಮುಗಿಸಿಬಿಡೋಣ ಎನಿಸಿತು. ಸಮುದ್ರಕ್ಕೆ ಇಳಿಯುವ ಮೊದಲು ಬೇಡದ ವಾಲ್ವ್‌ಗಳನ್ನೆಲ್ಲ ಮುಚ್ಚುವುದು ನಮ್ಮ ರೂಢಿ.

ಶೌಚಾಲಯದ ನೆಲಹಲಗೆ ಎತ್ತಿ ಮೊಣಕಾಲೂರಿ ಹಿಡಿಯನ್ನು ತಿರುಗಿಸಿದೆ. ಬಿಗಿಯಾಗಿತ್ತು. ಸ್ವಲ್ಪ ಬಲ ಹಾಕಿದೆ, ಬಹಳವೇನಲ್ಲ, ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಹಾಕುವಷ್ಟು. ಸದ್ದೇ ಇಲ್ಲದೆ ವಾಲ್ವ್ ಒಂದು ಕಡೆಗೆ ವಾಲಿತು. ಮರುಕ್ಷಣ ಅಡಿಯಿಂದ ನೀರಿನ ಕಂಬ ಎದ್ದು ನನ್ನ ಮುಖಕ್ಕೆ ಹೊಡೆಯಿತು.

ಅಂಗೈ ಒತ್ತಿ ಹಿಡಿದೆ. ನೀರು ಬೆರಳ ಸಂದಿಯಿಂದ ಚಿಮ್ಮುತ್ತಿತ್ತು. ಮರದ ಬಿರಡೆಗಳ ಚೀಲ ಎಲ್ಲಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು: ಮುಂದಿನ ಕೋಣೆಯ ಪೆಟ್ಟಿಗೆಯಲ್ಲಿ, ಡಬ್ಬಿ ಆಹಾರದ ಅಡಿಯಲ್ಲಿ. ದೋಣಿಯಲ್ಲೇ ಕೂರಿಸಿದ ಇನ್ನೊಂದು ರೇಡಿಯೋ ನಾಲ್ಕು ಹೆಜ್ಜೆ ಆಚೆ. ಕೈ ತೆಗೆದರೆ ನೀರು ನುಗ್ಗುತ್ತದೆ, ತೆಗೆಯದಿದ್ದರೆ ಅಲ್ಲೇ ಕುಳಿತಿರಬೇಕು. ಆ ತೂತು 19 ಮಿಲಿಮೀಟರ್ ಅಗಲದ್ದು, ನೀರಿನ ಮಟ್ಟದಿಂದ ಎರಡಡಿ ಕೆಳಗೆ. ಅಷ್ಟೇ ತೂತಿನಿಂದ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಬರುತ್ತದೆ. ಸ್ನಾನದ ಬಕೆಟ್ ಎರಡು ತುಂಬಿ ಮಿಕ್ಕುವಷ್ಟು, ಪ್ರತಿ ನಿಮಿಷ, ನಿಲ್ಲದೆ.

ಕೈ ತೆಗೆದು ಓಡಿದೆ. ಡಬ್ಬಿಗಳನ್ನು ಹಾಸಿಗೆಯ ಮೇಲೆ ಎಸೆದು ಚೀಲ ಹುಡುಕಿ ತರುವಷ್ಟರಲ್ಲಿ ನೀರು ಪಾದ ಮುಳುಗಿಸಿತ್ತು, ನೆಲಹಲಗೆಗಳು ತೇಲುತ್ತಿದ್ದವು. ತಳದ ಪಂಪು ತಾನಾಗಿಯೇ ಶುರುವಾಗಿ ಗುಂಯ್ ಎನ್ನುತ್ತಿತ್ತು, ಆದರೆ ಹೊರಗೆ ನೀರು ಬೀಳುವ ಸದ್ದಿಲ್ಲ. ಕಡಲೆಕಾಳಿನ ಡಬ್ಬಿಯ ಕಾಗದದ ಚೀಟಿ ನೆನೆದು ಬಿಚ್ಚಿಕೊಂಡು ಪಂಪಿನ ಬಾಯಿಗೆ ಅಂಟಿಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ಹಳಬರು ದೋಣಿಗೆ ತರುವ ಮೊದಲೇ ಡಬ್ಬಿಗಳ ಚೀಟಿ ಕಿತ್ತು, ಮೇಲೆ ಶಾಯಿಯಿಂದ ಹೆಸರು ಬರೆದಿಡುತ್ತಾರೆ. ದಯವಿಟ್ಟು ಹಾಗೇ ಮಾಡಿ.

ಬಿರಡೆಗೆ ಬಟ್ಟೆ ಸುತ್ತಿ ಒತ್ತಿದೆ. ಸುತ್ತಿಗೆ ಎತ್ತಿದವಳು ಕೈ ತಡೆದುಕೊಂಡೆ. ಒಡಲಿಗೆ ಅಂಟಿ ನಿಂತಿದ್ದ ಗಿಡ್ಡ ಕೊಳವೆಯ ಅಂಚು ನನ್ನ ಬೆರಳಿಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಒಂದು ಏಟು ಬಿದ್ದಿದ್ದರೆ ಅದೂ ಒಡೆದು ತೂತು ಎರಡು ಪಟ್ಟು ಅಗಲವಾಗುತ್ತಿತ್ತು. ಅಗಲ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು. ಬಿರಡೆಯನ್ನು ತಿರುಚಿ ತಿರುಚಿ ಕೂರಿಸಿ, ಹಿಮ್ಮಡಿಯಿಂದ ಒತ್ತಿ ನಿಂತೆ. ಮೆದು ಮರ ನೀರು ಕುಡಿದು ಉಬ್ಬುತ್ತದೆ. ಸ್ವಲ್ಪ ಹೊತ್ತಿನಲ್ಲಿ ಚಿಮ್ಮುವುದು ನಿಂತು ಜಿನುಗತೊಡಗಿತು. ಆಗ ಮಾತ್ರ ರೇಡಿಯೋ ಬಳಿ ಹೋಗಿ ಆಪತ್ತಿನ ಕರೆಗೆ ಎಲ್ಲ ದೋಣಿಗಳೂ ಕಿವಿಗೊಡುವ ಚಾನೆಲ್ 16ರಲ್ಲಿ ಕೂಗಿದೆ. ಪಕ್ಕದ ದೋಣಿಯ ಫ್ರೆಂಚ್ ದಂಪತಿ ಕೈಪಂಪು ಹಿಡಿದು ಬಂದರು. ಕಸ್ಟಮ್ಸ್ ಸಾಲಿನಲ್ಲಿ ನಿಂತಿದ್ದ ನಮ್ಮವರು ರೇಡಿಯೋದಲ್ಲಿ ನಮ್ಮ ದೋಣಿಯ ಹೆಸರನ್ನು ನನ್ನ ಧ್ವನಿಯಲ್ಲೇ ಕೇಳಿ, ಕಾಗದಗಳನ್ನು ಕಿಟಕಿಯಲ್ಲೇ ಬಿಟ್ಟು ಓಡಿಬಂದರು.

“ನಿನಗೇನೂ ಆಗಿಲ್ಲ ತಾನೇ?” ಎಂದರು.

“ರೀ, ಮೊದಲು ಇದನ್ನು ನೋಡಿ” ಎಂದು ಮುರಿದ ತುಂಡನ್ನು ಅವರ ಕೈಗಿಟ್ಟೆ.

ಮುರಿದ ಬಾಯಿಯ ಹೊರ ಅಂಚಿನಲ್ಲಿ ಉಗುರಿನಷ್ಟು ತೆಳ್ಳಗೆ ಹಳದಿ ಲೋಹ ಉಳಿದಿತ್ತು. ಒಳಗೆಲ್ಲ ಮಾಸಿದ ಗುಲಾಬಿ ಬಣ್ಣ, ಇಟ್ಟಿಗೆಯ ಹಾಗೆ. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಆ ಬಣ್ಣ ನನಗೆ ಹೊಸದಲ್ಲ. ಊರಿನಲ್ಲಿ ಅಮ್ಮ ದೀಪಾವಳಿಗೆ ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಮೆತ್ತಿ ಬಿಟ್ಟು ಮರೆತರೆ ಅಲ್ಲಲ್ಲಿ ಇದೇ ಕೆಂಪು ಮೂಡುತ್ತಿತ್ತು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವು. ಇಂಥ ವಾಲ್ವ್‌ಗಳಲ್ಲಿ ಸತುವಿನ ಪಾಲು ನೂರಕ್ಕೆ ನಲವತ್ತರ ಆಸುಪಾಸು. ಉಪ್ಪುನೀರು ಆ ಸತುವನ್ನು ಮಾತ್ರ ಎಳೆದುಕೊಂಡು ಹೋಗುತ್ತದೆ, ಸ್ಪಂಜಿನಂಥ ತಾಮ್ರದ ಗೂಡು ಉಳಿಯುತ್ತದೆ. ಹೊರಗಿನಿಂದ ಆಕಾರ, ಅಳತೆ ಎಲ್ಲ ಹಾಗೇ ಇರುತ್ತದೆ. ಕಂಚೆಂದರೆ ತಾಮ್ರ ಮತ್ತು ತವರ. ಸಮುದ್ರದಲ್ಲಿ ಅದು ದಶಕಗಳ ಕಾಲ ನಿಲ್ಲುತ್ತದೆ. ದೇವಸ್ಥಾನದ ಗಂಟೆ ಯಾವುದರದ್ದು, ಮನೆಯ ಹಂಡೆ ಯಾವುದರದ್ದು ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆ ಯಾರ್ಡಿನವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ನೀರೊಳಗೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಮುಳುಗುಗಾರರೊಬ್ಬರು ಹೊರಗಿನಿಂದ ಮೆತ್ತಿಕೊಟ್ಟರು. ಮೂರು ದಿನ ಕಾದು, ಗಾಳಿ ಇಳಿದಾಗ ಹೊರಟು ಮಾರ್ಟಿನಿಕ್‌ನ ಲ ಮಾರಾಂ ಸೇರಿದೆವು. ಆ ದಾರಿಯುದ್ದಕ್ಕೂ ಸರದಿಯ ಮೇಲೆ ಅರ್ಧ ಗಂಟೆಗೊಮ್ಮೆ ನೆಲಹಲಗೆ ಎತ್ತಿ ನೋಡಿದೆವು. ಅಲ್ಲಿ ದೋಣಿಯನ್ನು ದಡಕ್ಕೆ ಎತ್ತಿಸಿದಾಗ ಮೆಕ್ಯಾನಿಕ್ ಒಂದೊಂದೇ ವಾಲ್ವನ್ನು ಅರದಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಏಳರಲ್ಲಿ ಐದು ಹಿತ್ತಾಳೆ, ಮನೆಯ ನಲ್ಲಿಗೆ ಹಾಕುವ ಸಾಮಾನು. ಉಳಿದ ಎರಡು ಮಾತ್ರ ಕಂಚು, ಅವು ಹಿಂದಿನ ಮಾಲೀಕರ ಕಾಲದವು. ಉಜ್ಜಿ ಹೊಳಪು ಕೊಟ್ಟು ಹೊಸದರ ಲೆಕ್ಕಕ್ಕೆ ಸೇರಿಸಿದ್ದರು. ಮೆಕ್ಯಾನಿಕ್ ಸ್ಪ್ಯಾನರ್ ಹಾಕಿದಾಗ ಇನ್ನೂ ಎರಡು ಹಿತ್ತಾಳೆಯ ವಾಲ್ವ್‌ಗಳು ಮುರಿದವು. ಅವುಗಳಲ್ಲೊಂದು ಎಂಜಿನ್ನಿನದು.

ಎರಡೇ ವರ್ಷದಲ್ಲಿ ಇಷ್ಟು ಕೆಡಲು ಇನ್ನೊಂದು ಕಾರಣವನ್ನೂ ಅವರೇ ಹುಡುಕಿಕೊಟ್ಟರು. ತಳದ ಪಂಪಿಗೆ ಹೋಗುವ 12 ವೋಲ್ಟ್ ತಂತಿಯನ್ನು ಯಾರೋ ತಿರುಚಿ ಟೇಪು ಸುತ್ತಿ ಬಿಟ್ಟಿದ್ದರು. ಆ ಗಂಟು ತಳದ ನೀರಿನಲ್ಲೇ ಬಿದ್ದಿತ್ತು. ಅಲ್ಲಿಂದ ಸೋರಿದ ವಿದ್ಯುತ್ತು ಹತ್ತಿರದ ಲೋಹದ ಮೂಲಕ ಸಮುದ್ರಕ್ಕೆ ದಾರಿ ಹುಡುಕಿಕೊಳ್ಳುತ್ತಿತ್ತು, ಹೋಗುವ ದಾರಿಯ ಲೋಹವನ್ನು ಕರಗಿಸುತ್ತಿತ್ತು. ನನ್ನ ಆನೋಡ್‌ಗಳು ಎಲ್ಲಿ ಹೋದವೆಂದು ಅಂದು ಅರ್ಥವಾಯಿತು.

ಹನ್ನೊಂದು ದಿನ ದಡದಲ್ಲಿ, 3,400 ಯೂರೋ ಖರ್ಚು. ವಿಮೆಯವರು ಸವಕಳಿಗೂ ತುಕ್ಕಿಗೂ ಪರಿಹಾರವಿಲ್ಲವೆಂಬ ಷರತ್ತು ತೋರಿಸಿದರು. ಷರತ್ತು ನಿಜಕ್ಕೂ ಕಾಗದದಲ್ಲಿತ್ತು. ಕೆಲಸ ಮಾಡಿದ ಯಾರ್ಡಿಗೆ ಚಿತ್ರಗಳೊಂದಿಗೆ ಬರೆದೆ. “ಎರಡೂ ಒಂದೇ ಲೋಹ, ನಿಮ್ಮ ವಿದ್ಯುತ್ ಸೋರಿಕೆಗೆ ನಾವು ಹೊಣೆಯಲ್ಲ” ಎಂದು ಒಂದು ಸಾಲಿನ ಉತ್ತರ ಬಂತು. ಹಣ ಹೋದದ್ದಕ್ಕಿಂತ ಆ ಸಾಲು ನನ್ನನ್ನು ಹೆಚ್ಚು ಸುಟ್ಟಿತು. ನಾವಿಬ್ಬರೂ ದಡದಲ್ಲಿ ರಾತ್ರಿ ಕಳೆದ ದಿನ ಆ ವಾಲ್ವ್ ತಾನಾಗಿಯೇ ಮುರಿದಿದ್ದರೆ, ಹತ್ತು ಗಂಟೆಯಲ್ಲಿ ಇಪ್ಪತ್ತು ಟನ್ನಿಗೂ ಮಿಕ್ಕಿ ನೀರು. ನಮ್ಮ ದೋಣಿಯ ತೂಕವೇ ಒಂಬತ್ತು ಟನ್.

ಆದ್ದರಿಂದ ಕೇಳಿಕೊಳ್ಳುತ್ತೇನೆ. ವಾಲ್ವ್ ಹಾಕಿಸುವಾಗ ಪಕ್ಕದಲ್ಲಿ ನಿಲ್ಲಿ, ಡಬ್ಬಿಯಿಂದ ತೆಗೆಯುವುದನ್ನು ನೋಡಿ. ಬಣ್ಣವೊಂದನ್ನೇ ನಂಬಬೇಡಿ, ಕೆಟ್ಟ ಹಿತ್ತಾಳೆಯೂ ಕೆಂಪಗೇ ಕಾಣುತ್ತದೆ. ‘ಮ್ಯಾಂಗನೀಸ್ ಬ್ರಾಂಝ್’ ಎಂಬ ಹೆಸರಿಗೆ ಮರುಳಾಗಬೇಡಿ, ಹೆಸರು ಕಂಚಿನದಾದರೂ ಅದರೊಳಗೆ ತುಂಬಿರುವುದು ಸತುವು. ಸತುವು ಬಿಟ್ಟುಕೊಡದ ವಿಶೇಷ ಹಿತ್ತಾಳೆಯೂ ಇದೆ, ಅದರ ಮೇಲೆ ಸಾಮಾನ್ಯವಾಗಿ ಡಿಝಡ್ಆರ್ ಅಥವಾ ಸಿಆರ್ ಎಂಬ ಗುರುತು ಒತ್ತಿರುತ್ತಾರೆ. ಗಾಜಿನ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್ಕಿನವೂ ಸಿಗುತ್ತವೆ. ನಾವು ಕೊನೆಗೆ ಅವನ್ನೇ ಹಾಕಿಸಿದೆವು, ಅವಕ್ಕೆ ತುಕ್ಕಿನ ಭಯವೇ ಇಲ್ಲ. ತಟ್ಟಿ ನೋಡುವುದು, ಸ್ಪ್ಯಾನರ್ ಹಾಕಿ ಅಲುಗಿಸುವುದು ಏನಿದ್ದರೂ ದೋಣಿ ದಡದ ಮೇಲಿರುವಾಗ ಮಾತ್ರ. ನೀರಿನಲ್ಲಿರುವಾಗ ಕಣ್ಣಿನಿಂದಷ್ಟೇ ನೋಡಿ: ಗುಲಾಬಿ ಕಲೆ, ಹಸಿರು ಅಥವಾ ಬಿಳಿ ಪುಡಿ, ಹನಿಹನಿ ಜಿನುಗು. ನಮ್ಮಲ್ಲಿ ಈಗ ಪ್ರತಿ ವಾಲ್ವಿನ ಕುತ್ತಿಗೆಗೂ ಅದರದೇ ಅಳತೆಯ ಬಿರಡೆಯನ್ನು ದಾರದಲ್ಲಿ ಕಟ್ಟಿ ತೂಗಿಬಿಟ್ಟಿದ್ದೇವೆ.

ನಮ್ಮ ದೋಣಿ ಹಿತ್ತಾಳೆ ಹಾಕಿದ ಆ ಮೊದಲ ಯಾರ್ಡಿನಲ್ಲಿದ್ದಾಗ ಪಕ್ಕದಲ್ಲೇ ಕೆನಡಾದ ದಂಪತಿಯ ದೋಣಿಯೊಂದಿತ್ತು. ಅವರೂ ಅದೇ ವಾರ ಅದೇ ಕೆಲಸ ಮಾಡಿಸಿದ್ದರು. ಲ ಮಾರಾಂನಿಂದ ಅವರಿಗೆ ಚಿತ್ರ ಕಳಿಸಿದೆ. ಅವರು ಆಗ ಪನಾಮಾದಲ್ಲಿದ್ದರು, ಕಾಲುವೆ ದಾಟಿ ಪೆಸಿಫಿಕ್‌ಗೆ ಇಳಿಯಲು ದಿನ ಗೊತ್ತಾಗಿತ್ತು. ದಿನ ರದ್ದು ಮಾಡಿ ದೋಣಿಯನ್ನು ಮೇಲೆತ್ತಿಸಿದರು. ಆರು ವಾಲ್ವ್‌ಗಳಲ್ಲಿ ನಾಲ್ಕು ಒಳಗೆ ಗುಲಾಬಿಯಾಗಿದ್ದವು.