ಲಕ್ಕವಳ್ಳಿ ಹತ್ತಿರದ ಟೆಂಟ್ ಕ್ಯಾಂಪ್: ಬುಕ್ ಮಾಡೋ ಮುಂಚೆ

ಭದ್ರಾ ಹಿನ್ನೀರಿನ ಕಡೆಯ ಈ ಪುಟ್ಟ ಕ್ಯಾಂಪಿನಲ್ಲಿ ಗ್ರಿಡ್ ಕರೆಂಟಿಲ್ಲ, ಎಲ್ಲಾ ಸೋಲಾರ್. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿ ಅಂದ್ರೆ ಲೆಕ್ಕಕ್ಕೆ 1800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಾದ್ರೆ ಅದರಲ್ಲಿ ಅರ್ಧ ಮಾತ್ರ ಬಳಸಬಹುದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜಿಗೆ ಧಾರಾಳ. ಯಾರಾದ್ರೂ 1500 ವ್ಯಾಟಿನ ಕೆಟಲ್ ಹಾಕಿದ್ರೆ ಇನ್ವರ್ಟರ್ ಟ್ರಿಪ್ ಆಗಿ ಎಲ್ಲರಿಗೂ ಕತ್ತಲು. ಇದನ್ನು ಬಂದವರಿಗೆ ಮೊದಲೇ ಹೇಳೋದಿಲ್ಲ, ಅದು ಕ್ಯಾಂಪಿನವರದ್ದೇ ತಪ್ಪು.

ಬಿಸಿನೀರು ಹಂಡೆ ಒಲೆಯದ್ದು, ಬಕೆಟ್ ಲೆಕ್ಕ. ಸ್ನಾನದ ನೀರು ಜಲ್ಲಿ ಗುಂಡಿ ದಾಟಿ ಬಾಳೆಗಿಡದ ಬುಡಕ್ಕೆ ಹೋಗುತ್ತೆ. ಶಾಂಪೂ ಬದಲು ಸೀಗೆಪುಡಿ ಇಟ್ಟಿರೋದು ಅದಕ್ಕೇ.

ಟೆಂಟಿನ ದೊಡ್ಡ ದೋಷ ಹೊರಹೊದಿಕೆ. ಹಗ್ಗ ಸಡಿಲಾಗಿ ಅದು ಒಳಬಟ್ಟೆಗೆ ತಾಗಿದ್ರೆ, ಉಸಿರಿನ ತೇವವೆಲ್ಲ ಅಲ್ಲೇ ನೀರಾಗಿ ಬೆಳಗ್ಗೆ ಹಾಸಿಗೆ ಒದ್ದೆ. ಸಂಜೆ ಹಗ್ಗ ಬಿಗಿ ಮಾಡಿ, ಎರಡರ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಎದುರುಬದುರು ಕಿಟಕಿ ಜಾಲರಿ ತೆರೆದಿಡಿ.

ಊಟಕ್ಕೆ ಕಡುಬು, ಅಕ್ಕಿರೊಟ್ಟಿ, ಅಪ್ಪೆಮಿಡಿ. ದೂರೋದಕ್ಕೆ ಏನಿಲ್ಲ.

ಸಫಾರಿ ಮಾತ್ರ ಕ್ಯಾಂಪಿನವರ ಕೈಯಲ್ಲಿಲ್ಲ, ಅರಣ್ಯ ಇಲಾಖೆಯ ನಿಯಮದಂತೆ ನಡೆಯುತ್ತೆ. ಬಾಡಿಗೆಯಲ್ಲಿ ಅದೂ ಸೇರಿದೆಯಾ ಅಂತ ಕೇಳಿಕೊಳ್ಳಿ. ಹುಲಿಗೆಂದೇ ಬರೋರಿಗೆ ನಿರಾಸೆ ಆಗಬಹುದು, ಭದ್ರಾ ಕಾಡು ದಟ್ಟ. ಬೇಸಿಗೆಯಲ್ಲಿ ನೀರಿಳಿದು ದ್ವೀಪಗಳು ಮೇಲೆ ಕಂಡಾಗ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡ್ತವೆ. ಆಗ ಬೋಟ್ ಸಫಾರಿಯೇ ಮೇಲು. ಮಳೆಗಾಲದಲ್ಲಾದ್ರೆ ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಉದ್ದದ ಕಾಲುಚೀಲ, ಸುಣ್ಣ-ಹೊಗೆಸೊಪ್ಪಿನ ಪುಡಿ ನೀವೇ ತನ್ನಿ.