ಚೀಲದ ಹಿಂಬದಿ ಓದಿ ಕೊಂಡ ಸೀಗಡಿ

ಅಕ್ಕ ಮತ್ತು ಭಾವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ನಮ್ಮ ಮನೆಯಲ್ಲೇ ಒಂದು ಸಂಜೆಯ ಕೂಟ ಇಟ್ಟುಕೊಂಡಿದ್ದೆವು. ಹದಿನಾಲ್ಕು ಜನ. ಊಟಕ್ಕೆ ಮೊದಲು ನಿಂತುಕೊಂಡೇ, ಮಾತಾಡುತ್ತಲೇ ಎರಡು ಬೆರಳಿನಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುವಂಥ ಕಡಲ ತಿನಿಸು ಬೇಕೆಂದು ಅಕ್ಕ ಕೇಳಿದ್ದಳು. ಜೊತೆಗೆ ಒಂದು ಷರತ್ತು: "ಯಾರ ಬಟ್ಟೆಯ ಮೇಲೂ ಒಂದು ಹನಿ ಬೀಳಬಾರದು ನೋಡು." ಆ ಷರತ್ತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಏನು ಕೊಳ್ಳಬೇಕು, ಹೇಗೆ ಬೇಯಿಸಬೇಕು, ಯಾವುದರ ಮೇಲೆ ಇಡಬೇಕು ಎಂಬುದನ್ನೆಲ್ಲ ಕೊನೆಗೆ ತೀರ್ಮಾನಿಸಿದ್ದು ಅದೇ.

ಇಲ್ಲಿ ನಾನು ಬರೆಯುತ್ತಿರುವುದು ಆ ಸಂಜೆಗೆ ಕೊಂಡ ಒಂದು ಚೀಲದ ಬಗ್ಗೆ. ಸುಲಿದು, ಕರುಳು ತೆಗೆದು, ಬಾಲ ಮಾತ್ರ ಉಳಿಸಿದ ಹಸಿ ಸೀಗಡಿ. ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿದ್ದು. ಮಂಜಿನ ಲೇಪ ಬಿಟ್ಟು ತೂಕ 800 ಗ್ರಾಂ, ಗಾತ್ರ 21/25. ಪದಾರ್ಥಗಳ ಪಟ್ಟಿಯಲ್ಲಿ ಇದ್ದದ್ದು ಒಂದೇ ಪದ: ಸೀಗಡಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬಗೆಯ ಚೀಲವನ್ನು ಹಲವರು ಮಾರುತ್ತಾರೆ, ಮುಂಬದಿಯ ಚಿತ್ರಗಳಂತೂ ಎಲ್ಲದರಲ್ಲೂ ಒಂದೇ ತರಹ ಇರುತ್ತವೆ. ವ್ಯತ್ಯಾಸ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ.

ಆ ಸಣ್ಣ ಅಕ್ಷರ ಓದುವ ಅಭ್ಯಾಸ ನನಗೆ ಹಿಂದಿನ ವರ್ಷ ಬಂತು. ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಬೇರೊಂದು ಕಂಪನಿಯ ಚೀಲ ತಂದಿದ್ದೆ. ನೋಡಲು ದಪ್ಪ ದಪ್ಪ, ಗಾಜಿನಂತೆ ಹೊಳೆಯುವ ಸೀಗಡಿ. ಬೇಯಿಸಲು ಹಾಕಿದ ಒಂದೇ ನಿಮಿಷದಲ್ಲಿ ಬಾಣಲೆಯಲ್ಲಿ ಬಿಳಿ ನೊರೆಯ ನೀರು ಬೆರಳುದ್ದ ನಿಂತಿತು. ಹುರಿಯಬೇಕೆಂದುಕೊಂಡದ್ದು ತನ್ನದೇ ನೀರಿನಲ್ಲಿ ಕುದಿಯಿತು. ಟೋಸ್ಟಿನ ಮೇಲೆ ಇಟ್ಟ ಹತ್ತು ನಿಮಿಷಕ್ಕೆ ಬ್ರೆಡ್ ಮೆತ್ತಗಾಗಿ ನಡುವೆ ಬಾಗಿತು. ಎತ್ತಿಕೊಂಡ ಮೊದಲ ಅತಿಥಿಯ ಅಂಗಿಯ ತೋಳಿನ ಮೇಲೆಯೇ ಅದು ಬಿತ್ತು. ಅವರು ನಕ್ಕು ಸುಮ್ಮನಾದರೂ ನನಗೆ ತುಂಬ ನೋವಾಯಿತು. ಮರುದಿನ ಕಸದ ಬುಟ್ಟಿಯಿಂದ ಆ ಚೀಲವನ್ನು ತೆಗೆದು ಓದಿದೆ: ಸೀಗಡಿ, ನೀರು, ಉಪ್ಪು, ಸೋಡಿಯಂ ಟ್ರೈಪಾಲಿಫಾಸ್ಫೇಟ್. ಕೆಲವು ಚೀಲಗಳಲ್ಲಿ ಇದೇ ಫಾಸ್ಫೇಟ್ 'ಇ 451' ಎಂಬ ಸಂಖ್ಯೆಯಾಗಿ ಕಾಣಿಸಿಕೊಳ್ಳುತ್ತದೆ.

ಈ ಫಾಸ್ಫೇಟ್ ವಿಷವೇನೂ ಅಲ್ಲ. ಮಾಂಸದ ಪ್ರೋಟೀನು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವುದು ಅದರ ಕೆಲಸ. ಹದವಾಗಿ ಬಳಸಿದರೆ ಹೆಪ್ಪುಗಟ್ಟಿಸಿದ ಸೀಗಡಿ ಒಣಗದಂತೆ ಕಾಪಾಡುತ್ತದೆ. ಅತಿಯಾದರೆ ಸೀಗಡಿ ರಬ್ಬರಿನ ಚೆಂಡಿನಂತೆ ಪುಟಿಯುತ್ತದೆ, ನಾಲಿಗೆಗೆ ಸಾಬೂನಿನ ಛಾಯೆ ತಾಕುತ್ತದೆ, ಹೀರಿಕೊಂಡ ನೀರಿನ ಒಂದು ಪಾಲು ಬೆಂಕಿ ಕಂಡ ಕೂಡಲೇ ಹೊರಗೆ ಬರುತ್ತದೆ. ಸಾರಿಗೆ ಹಾಕುವುದಾದರೆ ಈ ನೀರಿನಿಂದ ದೊಡ್ಡ ನಷ್ಟವಿಲ್ಲ. ಬೆರಳಲ್ಲಿ ಹಿಡಿಯುವ ತಿನಿಸಿಗೆ ಮಾತ್ರ ಅದು ಸರ್ವನಾಶ. ಇಂಥ ತಿನಿಸಿನ ಅಂದವೆಂದರೆ ಅಲಂಕಾರವೆಂದು ನಾನೂ ನಂಬಿದ್ದೆ: ಮೇಲೊಂದು ಎಲೆ, ಪಕ್ಕದಲ್ಲೊಂದು ನಿಂಬೆಯ ಸುರುಳಿ. ಈಗ ನನ್ನ ಲೆಕ್ಕದಲ್ಲಿ ಅಂದವೆಂದರೆ ಒಣಗಿರುವುದು. ತಳ ಗರಿಗರಿಯಾಗಿರಬೇಕು, ಮೇಲಿನದು ಜಾರಬಾರದು, ತಟ್ಟೆಯಲ್ಲಿ ನೀರಿನ ಕಲೆ ಇರಬಾರದು.

ಗಾತ್ರದ ಸಂಖ್ಯೆಯ ಬಗ್ಗೆ ಎರಡು ಮಾತು. 21/25 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಇಪ್ಪತ್ತೊಂದರಿಂದ ಇಪ್ಪತ್ತೈದು ಸೀಗಡಿ. ಸಂಖ್ಯೆ ಚಿಕ್ಕದಾದಷ್ಟೂ ಸೀಗಡಿ ದೊಡ್ಡದು. 16/20 ಒಂದೇ ತುತ್ತಿಗೆ ಹೆಚ್ಚಾಗುತ್ತದೆ, ಕಚ್ಚಿದ ಅರ್ಧವನ್ನು ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ. 41/50 ಬೆಂದ ಮೇಲೆ ಮುದುಡಿ ಟೋಸ್ಟಿನ ಮೇಲೆ ಕಾಣುವುದೇ ಇಲ್ಲ. ನಾಲ್ಕು ಸೆಂಟಿಮೀಟರ್ ಅಗಲದ ಟೋಸ್ಟಿಗೆ 21/25 ಹೇಳಿ ಮಾಡಿಸಿದ ಅಳತೆ. ನನ್ನ ಚೀಲದಲ್ಲಿ 41 ಸೀಗಡಿ ಇದ್ದವು. ಲೇಪ ಕರಗಿಸಿ, ಒರೆಸಿ ತೂಗಿದಾಗ 795 ಗ್ರಾಂ ಬಂತು. ಹೇಳಿದ ತೂಕಕ್ಕೂ ಸಿಕ್ಕ ತೂಕಕ್ಕೂ ಐದೇ ಗ್ರಾಂ ಅಂತರ. ಈ ಪ್ರಾಮಾಣಿಕತೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕೊಳ್ಳುವಾಗ "ಲೇಪ ಬಿಟ್ಟು" ಎಂಬ ಮಾತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮಂಜುಗಡ್ಡೆಗೂ ಸೀಗಡಿಯ ಬೆಲೆ ತೆತ್ತಂತಾಗಬಹುದು. ಲೇಪ ಇರುವುದೇ ತಪ್ಪು ಎಂದಲ್ಲ. ಫ್ರೀಜರ್‌ನ ಒಣ ಗಾಳಿ ಸೋಕಿ ಮಾಂಸ ಬಿಳಿಚಿಕೊಂಡು ನಾರಾಗುವುದನ್ನು ತಡೆಯುವುದು ಆ ತೆಳು ಮಂಜೇ.

ಹಿಂದಿನ ರಾತ್ರಿ ಸೀಗಡಿಯನ್ನು ತೂತಿನ ಪಾತ್ರೆಗೆ ಸುರಿದು, ಕೆಳಗೊಂದು ಬೋಗುಣಿ ಇಟ್ಟು, ಮುಚ್ಚಿ ಫ್ರಿಜ್‌ನಲ್ಲಿ ಬಿಟ್ಟೆ. ಅಡುಗೆಮನೆಯ ಕಟ್ಟೆಯ ಮೇಲೆ ಬಿಡಬಾರದು; ಒಳಭಾಗ ಕರಗುವ ಹೊತ್ತಿಗೆ ಹೊರಭಾಗ ಬೆಚ್ಚಗಾಗಿ ಕೆಡಲು ಶುರುವಾಗಿರುತ್ತದೆ. ಬೆಳಿಗ್ಗೆ ಬೋಗುಣಿಯಲ್ಲಿ ನೀರು ನಿಂತಿತ್ತು, ಸೀಗಡಿ ಮೇಲೆ ಇತ್ತು. ತಾನು ಬಿಟ್ಟ ನೀರಿನಲ್ಲೇ ಅದು ನೆನೆಯಬಾರದು ಎಂಬುದಕ್ಕೇ ಈ ಏರ್ಪಾಡು. ಆಮೇಲೆ ಒಂದೊಂದನ್ನೂ ಕಾಗದದ ಟವೆಲಿನಲ್ಲಿ ಒತ್ತಿ ಒರೆಸಿ, 450 ಗ್ರಾಂಗೆ ಒಂದು ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾದ ಲೆಕ್ಕದಲ್ಲಿ ಸವರಿ ಕಾಲು ಗಂಟೆ ಮತ್ತೆ ಫ್ರಿಜ್‌ನಲ್ಲಿಟ್ಟೆ. ಉಪ್ಪು ಒಳಗಿನ ತೇವವನ್ನು ಒಳಗೇ ಉಳಿಸುತ್ತದೆ, ಸೋಡಾದ ಕ್ಷಾರ ಸೀಗಡಿಗೆ ಕಚ್ಚಿದರೆ ಕಟಕ್ಕೆನ್ನುವ ಗುಣ ಕೊಡುತ್ತದೆ. ಕಾರ್ಖಾನೆಯವರು ಈಗಾಗಲೇ ಉಪ್ಪು ಮತ್ತು ಫಾಸ್ಫೇಟ್ ಹಾಕಿದ ಸೀಗಡಿಗೆ ಹೀಗೆ ಮಾಡಿದರೆ ಅದು ಉಪ್ಪುಕಟ್ಟೆಯಾಗುತ್ತದೆ. ಏನೂ ಸೇರಿಸದ ಚೀಲ ಕೊಂಡರೆ ಈ ಹಿಡಿತ ನಮ್ಮ ಕೈಯಲ್ಲಿರುತ್ತದೆ.

ಎರಡು ಲೀಟರ್ ನೀರಿಗೆ ನಿಂಬೆಯ ಸಿಪ್ಪೆ, ಕಾಳುಮೆಣಸು, ಸಬ್ಬಸಿಗೆಯ ದಂಟು ಹಾಕಿ ಕುದಿಸಿ, ಉರಿ ಆರಿಸಿದೆ. ಉಷ್ಣಮಾಪಕ 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಸೀಗಡಿಯ ಅರ್ಧ ಪಾಲು ಬಿಟ್ಟೆ. ಆಗ ಪಾತ್ರೆಯ ಮುಂದೆ ನಿಂತು ನೋಡಬೇಕು. ಬೂದುಬಣ್ಣದ ಪಾರದರ್ಶಕ ಮೈ ಮೊದಲು ಅಂಚಿನಲ್ಲಿ ಹಾಲಿನಂತಾಗುತ್ತದೆ, ಆಮೇಲೆ ಬಾಲದ ಗರಿಗಳು ಕೆಂಪಾಗುತ್ತವೆ, ಕೊನೆಗೆ ಬೆನ್ನಿನ ಮೇಲೆ ಕಿತ್ತಳೆಯ ಗೆರೆಗಳು ಒಂದೊಂದಾಗಿ ಎದ್ದುಬರುತ್ತವೆ. ಆ ಬಣ್ಣ ಹೊಸದಾಗಿ ಹುಟ್ಟುವುದಲ್ಲ. ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಸೀಗಡಿಯಲ್ಲಿ ಮೊದಲೇ ಇರುತ್ತದೆ, ಒಂದು ಪ್ರೋಟೀನು ಅದನ್ನು ಬಿಗಿದು ಮರೆಮಾಡಿರುತ್ತದೆ. ಶಾಖಕ್ಕೆ ಆ ಪ್ರೋಟೀನಿನ ಹಿಡಿತ ಸಡಿಲವಾಗುತ್ತದೆ, ಬಣ್ಣ ಹೊರಬರುತ್ತದೆ. ಅರ್ಧಚಂದ್ರದಂತೆ ಬಾಗಿದಾಗ ಸೀಗಡಿ ಬೆಂದಿರುತ್ತದೆ. ತಲೆಯ ಕಡೆ ಬಾಲಕ್ಕೆ ತಾಗಿ ಪೂರ್ತಿ ಉಂಗುರವಾದರೆ ಮೀರಿತೆಂದೇ ಲೆಕ್ಕ. ನನಗೆ ಮೂರು ನಿಮಿಷ ಹಿಡಿಯಿತು, ದಪ್ಪ ಭಾಗದಲ್ಲಿ ಮಾಪಕ ಚುಚ್ಚಿದಾಗ 63 ಡಿಗ್ರಿ ಇತ್ತು. ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ, ಎರಡೇ ನಿಮಿಷಕ್ಕೆ ತೆಗೆದು, ಮತ್ತೆ ಒರೆಸಿದೆ. ಹೆಚ್ಚು ಹೊತ್ತು ಬಿಟ್ಟರೆ ರುಚಿ ಮಂಜುನೀರಿನ ಪಾಲು.

ರುಚಿ ನೋಡಲು ಒಂದನ್ನು ಏನೂ ಹಚ್ಚದೆ ತಿಂದೆ. ಸಿಹಿ ಇತ್ತು. ಅಂಚಿನಲ್ಲಿ ಸಮುದ್ರದ ಉಪ್ಪುಗಾಳಿಯ ನೆನಪು ಇತ್ತು. ಹಲ್ಲು ಒತ್ತಿದಾಗ ತಡೆದು, ಆಮೇಲೆ ಸರಕ್ಕನೆ ಬಿಟ್ಟುಕೊಟ್ಟಿತು. ಉಳಿದ ನಲವತ್ತು ಅತಿಥಿಗಳಿಗೆ.

ಕೊರತೆಗಳೂ ಇವೆ. ಬೆನ್ನಿನ ಕರುಳು ತೆಗೆಯಲು ಯಂತ್ರ ಹಾಕಿದ ಸೀಳು ಕೆಲವದರಲ್ಲಿ ತುಂಬ ಆಳವಾಗಿತ್ತು. ಬೆಂದಾಗ ಅವು ಹೂವಿನಂತೆ ಎರಡಾಗಿ ಅರಳಿದವು. ಟೋಸ್ಟಿನ ಮೇಲೆ ಕೂರಿಸಲು ಅದು ಅನುಕೂಲವೇ ಆಯಿತು, ಆದರೆ ಗಾಜಿನ ಲೋಟದ ಅಂಚಿಗೆ ಸಿಕ್ಕಿಸಬೇಕೆಂದಿದ್ದರೆ ಆಗುತ್ತಿರಲಿಲ್ಲ. ಆರರಲ್ಲಿ ಬಾಲದ ಹತ್ತಿರ ಕಪ್ಪು ಎಳೆ ಉಳಿದೇ ಇತ್ತು, ಟೂತ್‌ಪಿಕ್‌ನಿಂದ ಎಳೆದು ತೆಗೆದೆ. ಮೂರರ ಬಾಲ ಮುರಿದಿತ್ತು. ಬೆರಳ ತಿನಿಸಿನಲ್ಲಿ ಬಾಲವೇ ಹಿಡಿಕೆ, ಆದ್ದರಿಂದ ಇದು ಸಣ್ಣ ದೂರಲ್ಲ. ಎಲ್ಲಕ್ಕಿಂತ ಬೇಸರ ತಂದದ್ದು ಚೀಲದ ಜಿಪ್. ಒಮ್ಮೆ ತೆರೆದ ಮೇಲೆ ಅದು ಮತ್ತೆ ಕಚ್ಚಲೇ ಇಲ್ಲ.

ಟೋಸ್ಟಿಗೆ ಬ್ರೆಡ್ಡನ್ನು ಗುಂಡಗೆ ಕತ್ತರಿಸಿ, 160 ಡಿಗ್ರಿಯ ಓವನ್‌ನಲ್ಲಿ ಬಣ್ಣಕ್ಕಿಂತ ಹೆಚ್ಚಾಗಿ ಒಣಗುವುದಕ್ಕೆಂದೇ ಇಟ್ಟೆ. ಪೂರ್ತಿ ಆರಿದ ಮೇಲೆ ಅಂಚಿನವರೆಗೂ ಬೆಣ್ಣೆ ಸವರಿದೆ. ಈ ಬೆಣ್ಣೆ ರುಚಿಗಷ್ಟೇ ಅಲ್ಲ. ಕೊಬ್ಬಿನ ಪದರ ಮೇಲಿನ ತೇವ ಕೆಳಗೆ ಇಳಿಯದಂತೆ ತಡೆಯುತ್ತದೆ. ಬಿಸಿಯಿರುವಾಗಲೇ ಸವರಿದರೆ ಬೆಣ್ಣೆ ಕರಗಿ ಬ್ರೆಡ್ಡಿನೊಳಗೆ ಹೋಗುತ್ತದೆ, ಪದರವೇ ಇರುವುದಿಲ್ಲ. ಮೇಲೆ ಹಚ್ಚುವ ಮೊಸರನ್ನೂ ಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗುಹಾಕಿ, ಅದಕ್ಕೆ ಸಾಸಿವೆ ಪೇಸ್ಟು, ನಿಂಬೆಯ ಸಿಪ್ಪೆಯ ತುರಿ, ಸಬ್ಬಸಿಗೆ ಸೊಪ್ಪು ಬೆರೆಸಿದೆ. ನಿಂಬೆರಸ ಹಾಕಲಿಲ್ಲ, ತುರಿಯಲ್ಲಿ ನಿಂಬೆಯ ಪರಿಮಳ ಸಿಗುತ್ತದೆ, ನೀರು ಬರುವುದಿಲ್ಲ.

ಬೇಯಿಸಿಯೇ ಹೆಪ್ಪುಗಟ್ಟಿಸಿದ, ಗುಲಾಬಿ ಬಣ್ಣದ ಸೀಗಡಿಯ ಚೀಲ ಯಾಕಲ್ಲ ಎಂದು ತಂಗಿ ಕೇಳಿದಳು. ಸಮಯ ಇಲ್ಲದವರಿಗೆ ಅದೂ ಸರಿಯೇ, ಕರಗಿಸಿ ತಣ್ಣಗೇ ಬಡಿಸಬೇಕು ಅಷ್ಟೆ. ಮತ್ತೆ ಬಿಸಿ ಮಾಡಿದರೆ ಎರಡನೇ ಬಾರಿ ಬೆಂದು ಗಟ್ಟಿಯಾಗುತ್ತದೆ. ಏಡಿಯ ಕಡ್ಡಿ ಎಂದು ಮಾರುವ ಸುರಿಮಿಯನ್ನು ನಾನು ಪರಿಗಣಿಸಲೇ ಇಲ್ಲ. ಅದು ಬಹುಪಾಲು ಬಿಳಿ ಮೀನಿನ ಅರೆದ ಮಾಂಸ.

ಎಪ್ಪತ್ತು ತುಣುಕು ಬೇಕಿತ್ತು, ತಲೆಗೆ ಐದರಂತೆ. ಆಮೇಲೆ ಊಟ ಇದ್ದುದರಿಂದ ಅಷ್ಟು ಸಾಕು. ನಲವತ್ತು ಸೀಗಡಿಯದಾದರೆ ಮೂವತ್ತು ಹೊಗೆಯಾಡಿಸಿದ ಸಾಲ್ಮನ್‌ನದು: ಸೌತೆಕಾಯಿಯ ದಪ್ಪ ಬಿಲ್ಲೆಗೆ ಉಪ್ಪು ಹಾಕಿ, ಕಾಲು ಗಂಟೆ ಬಿಟ್ಟು, ಬಂದ ನೀರು ಒರೆಸಿ, ಕ್ರೀಮ್ ಚೀಸ್ ಮೇಲೆ ಮಡಿಸಿಟ್ಟ ಸಾಲ್ಮನ್. ಇದನ್ನು ಬಡಿಸುವಾಗ ಒಂದು ವಿಷಯ ಮರೆಯಬಾರದು. ಹೀಗೆ ತೆಳುವಾಗಿ ಹೆಚ್ಚಿ ಮಾರುವ ಸಾಲ್ಮನ್ ಸಾಮಾನ್ಯವಾಗಿ ತಣ್ಣನೆಯ ಹೊಗೆಯಲ್ಲಿಟ್ಟದ್ದು, ಬೆಂದದ್ದಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು, ಅದಕ್ಕಾಗಿ ಗರ್ಭಿಣಿಯರಿಗೆ ಇಂಥ ಮೀನನ್ನು ಬೇಯಿಸದೆ ಕೊಡಬಾರದು. ಭಾವನ ಸೋದರ ಸೊಸೆಗೆ ಐದು ತಿಂಗಳು. ಅವಳಿಗೆ ಬೇರೆ ತಟ್ಟೆಯಲ್ಲಿ, ಆಗಷ್ಟೇ ಬೆಣ್ಣೆಯಲ್ಲಿ ಬಿಸಿಯಾಗಿ ಹುರಿದ ನಾಲ್ಕು ಸೀಗಡಿ ಕೊಟ್ಟೆ. ಇನ್ನೊಬ್ಬರಿಗೆ ಸೀಗಡಿ, ಏಡಿಯ ಅಲರ್ಜಿ. ಬೇಯಿಸಿದರೂ ಆ ಅಲರ್ಜಿ ತರುವ ಪ್ರೋಟೀನು ನಾಶವಾಗುವುದಿಲ್ಲ. ಆದ್ದರಿಂದ ಸಾಲ್ಮನ್ನಿನ ಚಾಕು, ಹಲಗೆ, ಇಕ್ಕಳ, ತಟ್ಟೆ ಎಲ್ಲ ಬೇರೆ, ಮಾಡಿದ್ದೂ ಮೊದಲು. ಕರೆಯುವಾಗಲೇ ಎಲ್ಲರನ್ನೂ ಕೇಳಿಟ್ಟುಕೊಂಡಿದ್ದರಿಂದ ಇದು ಸಾಧ್ಯವಾಯಿತು.

ಎಪ್ಪತ್ತನ್ನೂ ಒಮ್ಮೆಗೇ ಹೊರಗೆ ಇಡಲಿಲ್ಲ. ಕೋಣೆಯ ಬಿಸಿಯಲ್ಲಿ ಇಂಥ ತಿನಿಸು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸೆಕೆಯ ದಿನವಾಗಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹನ್ನೆರಡರಂತೆ ಸಣ್ಣ ತಟ್ಟೆಗಳಲ್ಲಿ ಜೋಡಿಸಿ, ಒಂದು ಖಾಲಿಯಾದಾಗ ಇನ್ನೊಂದನ್ನು ಫ್ರಿಜ್‌ನಿಂದ ತಂದೆ. ಸೀಗಡಿಯನ್ನು ಟೋಸ್ಟಿನ ಮೇಲೆ ಇಡುತ್ತಿದ್ದುದು ತಟ್ಟೆ ಹೊರಡುವ ಐದು ನಿಮಿಷ ಮೊದಲು, ಬಾಲಗಳೆಲ್ಲ ಒಂದೇ ದಿಕ್ಕಿಗೆ, ಬಲಗೈಗೆ ಸಿಗುವಂತೆ. ತಿಂದುಳಿದ ಬಾಲ ಹಾಕಲು ಪಕ್ಕದಲ್ಲಿ ಒಂದು ಬಟ್ಟಲು. ಬಟ್ಟಲು ಇಡದಿದ್ದರೆ ಬಾಲಗಳು ಹೂಕುಂಡ ಸೇರುತ್ತವೆ.

ಅಕ್ಕ ಮೊದಲನೆಯದನ್ನು ಎತ್ತಿಕೊಂಡಾಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಟೋಸ್ಟ್ ಬಾಗಲಿಲ್ಲ. ಕಚ್ಚಿದ ಸದ್ದು ನನಗೆ ಕೇಳಿಸಿತು. ತಿಂದಾದ ಮೇಲೆ ಅವಳು ತೋಳನ್ನು ತಿರುಗಿಸಿ ತೋರಿಸಿದಳು, ಒಂದು ಕಲೆಯೂ ಇರಲಿಲ್ಲ. ಆಮೇಲೆ ಇನ್ನೂ ಮೂರು ತಿಂದಳು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಆಳದ ಸೀಳಿಗೆ ಮತ್ತು ಆ ಜಿಪ್‌ಗೆ. ಮುಂದಿನ ಕೂಟಕ್ಕೆಂದು ಇನ್ನೊಂದು ಚೀಲ ತಂದು ಒಂದು ಹಿಡಿ ಬಳಸಿದ್ದೇನೆ. ಉಳಿದದ್ದು ಫ್ರೀಜರ್‌ನಲ್ಲಿದೆ, ಬಾಯನ್ನು ಎರಡು ಸಲ ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಟ್ಟಿದ್ದೇನೆ.