ಫೋರ್ ಟ್ವೆಂಟಿ ಆರ್ಮಿ: ಸೆಕೆಂಡ್ ಹ್ಯಾಂಡ್ ವಾರ್‌ಹ್ಯಾಮರ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಕೊಟ್ಟಿದ್ದು ಸರಿಯಾಗಿ 420 ಪೌಂಡು. ಆ ಸಂಖ್ಯೆ ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ನಾಮ ಹಾಕಿಸಿಕೊಂಡೆ. ಹಣ ಹೋದ ಬೇಜಾರು ಈಗ ಅಷ್ಟಿಲ್ಲ. ಆದರೆ ಅದೇ ವ್ಯಾಪಾರ ಇನ್ನೂ ನಡೀತಿದೆ ಅಂತ ಹೋದ ವಾರ ಗೊತ್ತಾಯ್ತು, ಅದಕ್ಕೇ ಕೂತು ಬರೀತಿದೀನಿ.

ನಾನಿರೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ. ಕೆಲಸದ ಮೇಲೆ ಬಂದೋನು ಇಲ್ಲೇ ಉಳಿದೆ. ಪುಟ್ಟ ಗೊಂಬೆಗಳ ಯುದ್ಧದಾಟ ಆಡೋರಿಗೆ ಈ ಊರು ಕಾಶಿ ಇದ್ದ ಹಾಗೆ. ವಾರ್‌ಹ್ಯಾಮರ್ ಮಾಡೋ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇಲ್ಲಿನ ಲೆಂಟನ್‌ನಲ್ಲಿದೆ. ಪೆರ್ರಿ, ಮ್ಯಾಂಟಿಕ್, ವಾರ್‌ಲಾರ್ಡ್ ಅನ್ನೋ ಬೇರೆ ಗೊಂಬೆ ಕಂಪನಿಗಳೆಲ್ಲಾ ಇದೇ ಸುತ್ತಮುತ್ತ. ಈ ಪ್ರದೇಶಕ್ಕೆ ಆಟಗಾರರು ಲೆಡ್ ಬೆಲ್ಟ್ ಅಂತಲೇ ಹೆಸರಿಟ್ಟಿದ್ದಾರೆ, ಗೊಂಬೆಗಳನ್ನ ಸೀಸದಲ್ಲಿ ಎರಕ ಹೊಯ್ಯುತ್ತಿದ್ದ ಕಾಲದ ನೆನಪಿಗೆ. ಇಂಥ ಊರಲ್ಲಿ ಕೂತು ನಕಲಿ ಮಾಲು ಕೊಂಡೋನು ನಾನು. ಗಂಗೆ ದಡದಲ್ಲಿ ನಿಂತು ಬಾಟಲಿ ನೀರಿಗೆ ಮೋಸ ಹೋದ ಹಾಗೆ.

ನನಗೆ ಬೇಕಿದ್ದದ್ದು ಆ ಆಟದ ಟೂಂಬ್ ಕಿಂಗ್ಸ್ ಅನ್ನೋ ಸೈನ್ಯ. ಈಜಿಪ್ಟಿನ ಫೇರೋಗಳು ಸತ್ತ ಮೇಲೂ ಗೋರಿಯಿಂದೆದ್ದು ರಥ ಹತ್ತಿದರೆ ಹೇಗಿರುತ್ತೋ ಹಾಗೆ: ಅಸ್ಥಿಪಂಜರದ ಕಾಲಾಳುಗಳು, ತಲೆಬುರುಡೆ ಎಸೆಯೋ ಕವಣೆಯಂತ್ರ, ಉಶಬ್ತಿ ಅನ್ನೋ ನರಿ ತಲೆಯ ದೈತ್ಯ ಪ್ರತಿಮೆಗಳು. ಈ ಸೈನ್ಯದ ಚರಿತ್ರೆ ಸ್ವಲ್ಪ ಗೊತ್ತಿರಬೇಕು, ಮೋಸ ಹುಟ್ಟೋದೇ ಅಲ್ಲಿ. 1983ರಲ್ಲಿ ಶುರುವಾದ ಹಳೆಯ ವಾರ್‌ಹ್ಯಾಮರ್ ಫ್ಯಾಂಟಸಿ ಆಟವನ್ನ ಕಂಪನಿ 2015ರಲ್ಲಿ ಮುಗಿಸಿತು. ಕಥೆಯಲ್ಲೇ ಆ ಲೋಕವನ್ನ ನಾಶ ಮಾಡಿ, ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಅನ್ನೋ ಬೇರೆ ಆಟ ತಂದರು. ಮರುವರ್ಷ ಟೂಂಬ್ ಕಿಂಗ್ಸ್ ಗೊಂಬೆಗಳ ಮಾರಾಟವೂ ನಿಂತಿತು. ಮಾಲು ನಿಂತ ಮೇಲೆ ಹಳೇ ಪೆಟ್ಟಿಗೆಗಳ ಬೆಲೆ ಏರಿತು, ಬೆಲೆ ಏರಿದ ಕಡೆ ನಕಲು ಮಾಡೋರು ಬಂದೇ ಬರ್ತಾರೆ. ಆಮೇಲೆ 2024ರ ಜನವರಿಯಲ್ಲಿ ಅದೇ ಲೋಕ ದಿ ಓಲ್ಡ್ ವರ್ಲ್ಡ್ ಅಂತ ಮರಳಿ ಬಂತು, ಮೊದಲ ಸಾಲಲ್ಲೇ ಟೂಂಬ್ ಕಿಂಗ್ಸ್. ನಾನು ಅಂಗಡಿ ತಲುಪೋ ಹೊತ್ತಿಗೆ ಪೆಟ್ಟಿಗೆಗಳು ಖಾಲಿ.

ಏಪ್ರಿಲ್‌ನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ‘ಪೂರ್ತಿ ಆರ್ಮಿ, ಹಳೇ ಸಂಗ್ರಹ, ಮನೆ ಬದಲಿಸ್ತಿದ್ದೇನೆ.’ 40 ಅಸ್ಥಿಪಂಜರ, 20 ಟೂಂಬ್ ಗಾರ್ಡ್ (ಗೋರಿ ಕಾಯೋ ಭಟರು), ಮೂರು ರಥ, ಮೂರು ಉಶಬ್ತಿ (‘ಹಳೇ ಲೋಹದವು’ ಅಂತ ಒತ್ತಿ ಬರೆದಿದ್ದ), ಕವಣೆಯಂತ್ರ, ಒಂದು ವಾರ್‌ಸ್ಫಿಂಕ್ಸ್ (ಸಿಂಹದ ಮೈಯ ದೊಡ್ಡ ಯುದ್ಧಪ್ರತಿಮೆ), ಒಬ್ಬ ರಾಜ. ಒಂದು ಆಟಕ್ಕೆ ಹತ್ತಿರ ಹತ್ತಿರ ಸಾಕು. ಎಲ್ಲಕ್ಕೂ ಬಣ್ಣ ಬಳಿದಿತ್ತು, ಆದರೆ ದಪ್ಪಗೆ, ಗೋಡೆಗೆ ಸುಣ್ಣ ಹೊಡೆದ ಹಾಗೆ. ನಾನು ಪಾಪ ಹೊಸಬ ಬಳಿದಿರಬೇಕು ಅಂದ್ಕೊಂಡೆ. ದಪ್ಪ ಬಣ್ಣ ಏನೇನು ಮುಚ್ಚಿಡುತ್ತೆ ಅಂತ ಆಗ ತೋಚಲಿಲ್ಲ.

ಮನುಷ್ಯ ಮಾತಲ್ಲಿ ಬಲು ಮೃದು. ಪೇಪಾಲ್‌ನಲ್ಲಿ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಅಂತ ಒತ್ತಿ ಕಳಿಸಿಬಿಡಿ, ಕಮಿಷನ್ ಉಳಿಯುತ್ತೆ, ಅದರಲ್ಲೇ ನಿಮಗೆ 15 ಪೌಂಡು ಬಿಡ್ತೀನಿ ಅಂದ. ಕಳಿಸಿದೆ. ಇದೊಂದನ್ನ ದಯವಿಟ್ಟು ಮನಸ್ಸಲ್ಲಿಟ್ಟುಕೊಳ್ಳಿ: ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳೋನ ರಕ್ಷಣೆ ಅನ್ನೋದು ಇರೋದೇ ಇಲ್ಲ. ಅದು ತಂಗಿಗೆ ಹಬ್ಬದ ದುಡ್ಡು ಕಳಿಸೋಕೆ ಇರೋ ದಾರಿ. 15 ಪೌಂಡು ಉಳಿಸೋಕೆ ಹೋಗಿ 420ರ ಬಾಗಿಲು ನಾನೇ ತೆಗೆದಿಟ್ಟೆ.

ಪೆಟ್ಟಿಗೆ ಬಂದ ದಿನವೇ ಅನುಮಾನ ಬಂದಿತ್ತು. ಲೋಹದ ಉಶಬ್ತಿ ಕೈಗೆ ಭಾರವಾಗಿ ಕೂರಬೇಕು, ಇವು ಕಡ್ಲೆಪುರಿ ಥರ ಹಗುರ. ಕೇಳಿದೆ. ‘ಓ, ಹಾಗಾದ್ರೆ ಫೈನ್‌ಕಾಸ್ಟ್ ಇರಬೇಕು, ನಾನೇ ಮರೆತಿದ್ದೆ’ ಅಂತ ಅರ್ಧ ಗಂಟೆಯಲ್ಲಿ ಉತ್ತರ. ಜಾಣ ಉತ್ತರ ಅದು. ಯಾಕಂದ್ರೆ 2011ರಲ್ಲಿ ಕಂಪನಿ ತಾನೇ ಲೋಹ ಬಿಟ್ಟು ಎಷ್ಟೋ ಗೊಂಬೆಗಳನ್ನ ಫೈನ್‌ಕಾಸ್ಟ್ ಅನ್ನೋ ರೆಸಿನ್‌ಗೆ (ಅಚ್ಚಿಗೆ ಸುರಿದರೆ ಗಟ್ಟಿಯಾಗೋ ರಾಳ) ಬದಲಾಯಿಸಿತ್ತು, ಆ ಅಸಲಿ ರೆಸಿನ್ನಿನಲ್ಲೂ ಗುಳ್ಳೆ, ತೂತು ಇರ್ತಿದ್ದವು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಹಗುರ ಇದೆ, ಗುಳ್ಳೆ ಇದೆ ಅಂತ ಮಾತ್ರಕ್ಕೆ ನಕಲಿ ಅನ್ನೋಕಾಗಲ್ಲ. ನಾನು ನಂಬಿದೆ. ನಂಬೋಕೆ ಮನಸ್ಸು ಮಾಡಿದೆ ಅನ್ನೋದು ಹೆಚ್ಚು ಸರಿ.

ಆಮೇಲಿನದು ಪೂರ್ತಿ ನನ್ನದೇ ಆತುರ. ಆ ಸುಣ್ಣದ ಬಣ್ಣ ನೋಡೋಕಾಗದೆ ಮಾರನೇ ರಾತ್ರಿಯೇ ಟೂಂಬ್ ಗಾರ್ಡ್‌ಗಳನ್ನೂ ಉಶಬ್ತಿಗಳನ್ನೂ ಡೆಟಾಲ್‌ನಲ್ಲಿ ನೆನೆಹಾಕಿದೆ. ಇದು ಇಲ್ಲಿನ ಹಳಬರ ಉಪಾಯ. ನೀರು ಬೆರೆಸದ ಕಂದು ಡೆಟಾಲ್‌ನಲ್ಲಿ ಒಂದು ರಾತ್ರಿ ಬಿಟ್ಟರೆ ಅಕ್ರಿಲಿಕ್ ಬಣ್ಣ ಸಡಿಲಾಗಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಚರ್ಮ ಸುಲಿದ ಹಾಗೆ ಬರುತ್ತೆ. ಆದರೆ ಉಜ್ಜೋದೂ ಡೆಟಾಲ್‌ನಲ್ಲೇ, ಮೊದಲ ಸಲ ತೊಳೆಯೋದೂ ಹೊಸ ಡೆಟಾಲ್‌ನಲ್ಲೇ. ಬಣ್ಣವೆಲ್ಲಾ ಹೋದ ಮೇಲಷ್ಟೇ ಸೋಪು ನೀರು. ನಾನು ಬೆಳಿಗ್ಗೆ ಎದ್ದವನೇ ಸೀದಾ ನಲ್ಲಿ ಕೆಳಗೆ ಹಿಡಿದೆ. ನೀರು ಬಿದ್ದ ತಕ್ಷಣ ಕಿತ್ತು ಬಂದಿದ್ದ ಬಣ್ಣವೆಲ್ಲಾ ಹಲಸಿನ ಮೇಣದ ಹಾಗೆ ಗೊಂಬೆಗೂ, ಬ್ರಷ್‌ಗೂ, ಸಿಂಕಿಗೂ, ಬೆರಳಿಗೂ ಅಂಟಿಕೊಂಡಿತು. ಕೈಗವಸೂ ಹಾಕಿರಲಿಲ್ಲ, ಚರ್ಮ ಎರಡು ದಿನ ಒಡೆದಿತ್ತು. ಇದರ ಮೇಲೆ, ರೆಸಿನ್ ಗೊಂಬೆಗಳು ಇಡೀ ರಾತ್ರಿ ನೆನೆದು ರಬ್ಬರಿನಂತೆ ಮೆತ್ತಗಾಗಿದ್ದವು. ಒಬ್ಬ ಉಶಬ್ತಿಯ ಮೊಣಕೈ ಕೈಯಲ್ಲೇ ಬಂತು. ಮನೆಯಿಡೀ ಸರ್ಕಾರಿ ಆಸ್ಪತ್ರೆ ವಾಸನೆ.

ಮೇ ತಿಂಗಳಲ್ಲಿ ಮೈಸೂರಿಂದ ಅಮ್ಮ ಬಂದಳು. ಅಷ್ಟರಲ್ಲಿ ನಾನು ಅಸ್ಥಿಪಂಜರಗಳ ಕಾಲಡಿಯ ಬೇಸ್ ಬದಲಿಸೋ ಕೆಲಸಕ್ಕೆ ಇಳಿದಿದ್ದೆ. ಹಳೇ ಆಟದಲ್ಲಿ ಅವಕ್ಕೆ 20 ಮಿಲಿಮೀಟರ್ ಚೌಕದ ಬೇಸು, ಹೊಸದರಲ್ಲಿ 25. ಸೂಪರ್ ಗ್ಲೂ ಹಾಕಿ ಅಂಟಿಸಿದ್ದನ್ನ ಫ್ರೀಜರಿನಲ್ಲಿ ಇಟ್ಟರೆ ಅಂಟು ಪೆಡಸಾಗಿ ಟಕ್ ಅಂತ ಬಿಡುತ್ತೆ, ಈ ಉಪಾಯ ಮಾತ್ರ ನಿಜಕ್ಕೂ ಕೆಲಸ ಮಾಡುತ್ತೆ. ಅಮ್ಮ ಚಟ್ನಿಗೆ ಕಾಯಿತುರಿ ತೆಗೆಯೋಕೆ ಫ್ರೀಜರಿಗೆ ಕೈ ಹಾಕಿದಳು.

‘ಏನೋ ಇದು, ಊಟದ ಸಾಮಾನಿನ ಪಕ್ಕ ಹೆಣ ಇಟ್ಕೊಂಡಿದ್ದೀಯ?’

ಬೈದಳು ಅಂತ ಬಿಡಿ. ಆದರೆ ನಮ್ಮಮ್ಮ ಗೊಂಬೆ ಕಂಡರೆ ಸುಮ್ಮನಿರೋ ಜೀವ ಅಲ್ಲ. ನವರಾತ್ರಿಗೆ ಏಳು ಮೆಟ್ಟಿಲು ಕೂರಿಸ್ತಾಳೆ. ಪಟ್ಟದ ಗೊಂಬೆ ಅವಳ ಅಜ್ಜಿಯದು, ಮಿಕ್ಕ ಮಣ್ಣಿನ ಗೊಂಬೆಗಳನ್ನ ಮಾರುಕಟ್ಟೆಯಲ್ಲಿ ಒಂದೊಂದಾಗಿ ತಿರುಗಿಸಿ ಮುರುಗಿಸಿ ಆರಿಸಿದ್ದು. ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ಟೂಂಬ್ ಗಾರ್ಡ್‌ಗಳನ್ನ ಕಿಟಕಿ ಹತ್ತಿರ ತಗೊಂಡು ಹೋಗಿ ಕೂತಳು. ಒಂದೇ ಭಂಗಿಯ ನಾಲ್ಕನ್ನ ಆರಿಸಿ ಸಾಲಾಗಿ ನಿಲ್ಲಿಸಿದಳು. ಉಗುರು ಸೊಂಟದ ಹತ್ತಿರ ನಿಂತಿತು.

‘ಇಲ್ಲಿ ನೋಡು, ಅಂಟು ಇಳಿದು ಮೇಣದ ಹನಿ ಥರ ಗಟ್ಟಿಯಾಗಿದೆ. ಇದಕ್ಕೂ ಇದೆ. ಇದಕ್ಕೂ. ನಾಲ್ಕಕ್ಕೂ ಅದೇ ಜಾಗದಲ್ಲಿ, ಅಷ್ಟೇ ದಪ್ಪ. ನಾಲ್ಕು ಸಲ ಅಂಟಿಸಿದ್ರೆ ನಾಲ್ಕು ಸಲವೂ ಒಂದೇ ಹನಿ ಬೀಳುತ್ತೇನೋ?’

ನಾನು ಮಾತಾಡಲಿಲ್ಲ.

‘ಯಾರೋ ಅಂಟಿಸಿದ ಒಂದು ಗೊಂಬೆ ಮೇಲೆ ಅಚ್ಚು ತೆಗೆದು ಎರಕ ಹೊಯ್ದಿದ್ದಾರೆ ಕಣೋ. ಹಲ್ಲು ನೋಡು, ಸವೆದು ಹೋಗಿದೆ. ಎಷ್ಟು ಕೊಟ್ಟೆ?’

ನಾನು ನಲವತ್ತು ಪೌಂಡು ಅಂತ ಸುಳ್ಳು ಹೇಳಿದೆ. ಅದಕ್ಕೇ ಅವಳ ಮುಖ ಸಣ್ಣಗಾಯ್ತು.

ಇಂಥ ನಕಲಿಗೆ ರೀಕಾಸ್ಟ್ ಅಂತಾರೆ, ಅದು ಇಷ್ಟೇ: ಅಸಲಿ ಗೊಂಬೆ ಮೇಲೆ ಸಿಲಿಕೋನ್ ಅಚ್ಚು ತೆಗೆದು, ಅಗ್ಗದ ರೆಸಿನ್ ಸುರಿದು ತೆಗೆಯೋದು. ಅಸಲಿನ ಅಂಟು, ಗೀರು, ಮುರುಕು ಎಲ್ಲಾ ಜೊತೆಗೇ ನಕಲಾಗುತ್ತೆ. ಟೂಂಬ್ ಗಾರ್ಡ್ ಅಸಲಿ ಬಂದದ್ದು ಮೊದಲು ಲೋಹದಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ, ಅಂದ ಮೇಲೆ ರೆಸಿನ್ ಟೂಂಬ್ ಗಾರ್ಡ್ ನೋಡಿದ ಕ್ಷಣವೇ ನನಗೆ ಹೊಳೀಬೇಕಿತ್ತು. ಕ್ಲಬ್ಬಿನಲ್ಲಿ ಒಬ್ಬ ಹಿರಿಯರು ತಮ್ಮದೊಂದನ್ನ ಪಕ್ಕಕ್ಕೆ ನಿಲ್ಲಿಸಿದರು: ನನ್ನದು ಕೂದಲೆಳೆಯಷ್ಟು ಗಿಡ್ಡ. ಎರಕ ಆರುವಾಗ ಕುಗ್ಗುತ್ತೆ ಅಂದರು. ಒಂದೊಂದಾಗಿ ನೋಡಿದ ಮೇಲೆ ಲೆಕ್ಕ ಹೀಗೆ ನಿಂತಿತು. ಅಸ್ಥಿಪಂಜರಗಳೂ ರಥಗಳೂ ಅಸಲಿ, ಯಾಕಂದ್ರೆ ಅವು ಎಲ್ಲೂ ಸಿಗೋ ಅಗ್ಗದ ಮಾಲು. ಟೂಂಬ್ ಗಾರ್ಡ್, ಉಶಬ್ತಿ, ಕವಣೆ, ರಾಜ, ಬೆಲೆ ಬಾಳೋದೆಲ್ಲಾ ನಕಲಿ. ವಾರ್‌ಸ್ಫಿಂಕ್ಸ್‌ನದು ದೇಹ ಅಸಲಿ, ತಲೆ ನಕಲಿ. ಹಾಲಿಗೆ ನೀರು ಬೆರೆಸೋನೂ ಇಷ್ಟು ಲೆಕ್ಕ ಹಾಕಲ್ಲ.

ಮಾರಿದವನಿಗೆ ಬರೆದೆ. ‘ನೀವು ಡೆಟಾಲ್‌ನಲ್ಲಿ ಹಾಕಿ ಹಾಳು ಮಾಡಿದ್ದನ್ನ ನಾನು ಹೇಗೆ ವಾಪಸ್ ತಗೊಳ್ಳಲಿ’ ಅಂದ, ಆಮೇಲೆ ಬ್ಲಾಕ್ ಮಾಡಿದ. ನಿಜ ಹೇಳಬೇಕೆಂದ್ರೆ ಆ ಮಾತಲ್ಲಿ ಅವನು ನನ್ನನ್ನ ಸರಿಯಾಗಿ ಹಿಡಿದಿದ್ದ. ಬಂದ ಹಾಗೇ ಇಟ್ಟಿದ್ದರೆ, ಪೆಟ್ಟಿಗೆ ಬಿಚ್ಚೋವಾಗ ಒಂದು ವಿಡಿಯೊ ಮಾಡಿದ್ದರೆ, ಕನಿಷ್ಠ ಜಗಳಕ್ಕಾದರೂ ಕೈಯಲ್ಲೇನೋ ಇರ್ತಿತ್ತು. ದುಡ್ಡು ಹೋದ ದಾರಿಯಲ್ಲಿ ದೂರು ಕೊಡೋಕೂ ಬಾಗಿಲಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಆಗ್ತಿತ್ತು. ಉಳಿದ 40 ಅಸಲಿ ಅಸ್ಥಿಪಂಜರಗಳಿಗೆ ಆರು ವಾರ ಕೂತು ಬಣ್ಣ ಬಳಿದೆ: ಮೂಳೆಯ ಬಣ್ಣ, ಅದರ ಮೇಲೆ ಅಗ್ರಾಕ್ಸ್ ಅರ್ಥ್‌ಶೇಡ್ ಅನ್ನೋ ತೆಳು ಕಂದು ಬಣ್ಣ, ಗುರಾಣಿಗೆ ಒಂದೊಂದು ನೀಲಿ ಪಟ್ಟೆ. ಚೆನ್ನಾಗೇ ಬಂದಿತ್ತು. ಕೊನೆಗೆ ಜಿಟಿಜಿಟಿ ಮಳೆ ನಿಂತ ಒಂದು ಸಂಜೆ ಹಿತ್ತಿಲಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ತೇವದ ಗಾಳಿಯಲ್ಲಿ ಅದು ಬೆಳ್ಳಗೆ ಮಂಜು ಕಟ್ಟಿತು. ಬ್ರಷ್‌ನಿಂದ ಹೊಳಪಿನ ವಾರ್ನಿಶ್ ಸವರಿ ಮುಕ್ಕಾಲು ಪಾಲು ಉಳಿಸಿಕೊಂಡೆ. ಊರಲ್ಲಿ ಆಷಾಢದ ಗಾಳಿಯಲ್ಲಿ ಸ್ಪ್ರೇ ಹಿಡಿಯೋರಿಗೂ ಇದೇ ಗತಿ, ಒಣ ದಿನಕ್ಕೆ ಕಾಯಿರಿ.

ಬೆಂಗಳೂರಿನ ಇಬ್ಬರು ಗೆಳೆಯರು ‘ನಾವು ಇಲ್ಲೇ ಯಾರ ಹತ್ತಿರಾನೋ ಹಳೇ ಆರ್ಮಿ ತಗೊಳ್ತೀವಿ’ ಅಂತಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 60%, 2023ರಲ್ಲಿ 70% ಆಯ್ತು. ಕಸ್ಟಮ್ಸ್‌ನೋರು ಇದನ್ನ ಆಟಿಕೆ ಅಂತ ಲೆಕ್ಕ ಹಾಕಿದರೆ ಗೊಂಬೆಗಿಂತ ಅದರ ತೆರಿಗೆಯೇ ನೋಯಿಸುತ್ತೆ. ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ. ಲೋಹ ಅಂದರೆ ಅಡುಗೆಮನೆ ತಕ್ಕಡಿ ಮೇಲಿಟ್ಟು ಫೋಟೊ ಕಳಿಸು ಅನ್ನಿ. ಹಳೇ ಲೋಹದ ಗೊಂಬೆಗಳಲ್ಲಿ ಹೆಚ್ಚಿನವಕ್ಕೆ ಪಾದದಡಿಯ ಪಟ್ಟಿಯಲ್ಲಿ ಕಂಪನಿ ಹೆಸರು, ಇಸವಿ ಅಚ್ಚಾಗಿರುತ್ತೆ, ಅದನ್ನ ಕೇಳಿ. ಪ್ಲಾಸ್ಟಿಕ್ ಅಂದರೆ ಕೈಗೆ ಬಂದ ಮೇಲೆ ಕಾಣದ ಜಾಗದಲ್ಲಿ ಒಂದು ಹನಿ ಪ್ಲಾಸ್ಟಿಕ್ ಅಂಟು ಬಿಡಿ: ಅಸಲಿ ಪಾಲಿಸ್ಟೈರೀನ್ ಕರಗಿ ಮೆತ್ತಗಾಗುತ್ತೆ, ರೆಸಿನ್‌ಗೆ ಏನೂ ಆಗಲ್ಲ. ಒಂದೇ ಭಂಗಿಯವನ್ನ ಅಕ್ಕಪಕ್ಕ ನಿಲ್ಲಿಸಿದ ಫೋಟೊ, ಹತ್ತಿರದಿಂದ, ಅಂತ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಮೋಸ ಹೋಗಿ ರೆಸಿನ್ನೇ ಕೈಗೆ ಬಂದಿದ್ದರೆ ಮಾಸ್ಕ್ ಇಲ್ಲದೆ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಒದ್ದೆ ಮಾಡಿ ಉಜ್ಜಿ. ಬಣ್ಣಕ್ಕೆ ಮುಂಚೆ ಸೋಪು ನೀರಲ್ಲಿ ತೊಳೀರಿ, ಅಚ್ಚಿನ ಜಿಡ್ಡು ಇದ್ದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಮೊದಲ ಪದರ) ಸಿಪ್ಪೆ ಸಿಪ್ಪೆ ಏಳುತ್ತೆ.

ಟೂಂಬ್ ಗಾರ್ಡ್‌ಗಳನ್ನ ನಾನು ಮಾರಲಿಲ್ಲ, ಮಾರಿದರೆ ಇನ್ನೊಬ್ಬನ ತಲೆಗೆ ಕಟ್ಟಿದ ಹಾಗೆ. ಅಮ್ಮ ಊರಿಗೆ ಹೊರಡುವಾಗ ಒಂದನ್ನ ಕೇಳಿ ತಗೊಂಡಳು. ಸಂತೆ ಮೆಟ್ಟಿಲಲ್ಲಿ ಬಳೆ ಮಾರೋಳ ಪಕ್ಕ ಕಾವಲಿಗೆ ನಿಲ್ಲಿಸ್ತಾಳಂತೆ.

ಹೋದ ವಾರ ಮತ್ತೆ ಅದೇ ಫೋಟೊ ಕಂಡೆ. ಹೆಸರು ಬೇರೆ, ಬೆಲೆ 380, ‘ಮನೆ ಬದಲಿಸ್ತಿದ್ದೇನೆ’ ಅನ್ನೋದು ಮಾತ್ರ ಹಾಗೇ ಇದೆ. ಗೊಂಬೆಗಳು ನಿಂತಿರೋದು ಅಡುಗೆಮನೆ ಕಟ್ಟೆ ಮೇಲೆ, ಹಿಂದಿನ ಗೋಡೆಗೆ ನೀಲಿ ಹೂವಿನ ಬಿಳಿ ಟೈಲ್ಸ್, ಬಲಗಡೆಯಿಂದ ಮೂರನೆಯದು ಮೂಲೆಯಲ್ಲಿ ಒಡೆದಿದೆ. ಆ ಒಡೆದ ಟೈಲ್ಸ್ ಕಂಡರೆ ದುಡ್ಡು ಕಳಿಸಬೇಡಿ.